ಆಕಾಶ ಹೆಪ್ಪು ಹಾಕುವ ಮೈದಾನ

ಯಂತ್ರ ಎಲ್ಲಿದೆ?

ಜನವರಿಯ ಒಂದು ಬೆಳಿಗ್ಗೆ ಶಿಮ್ಲಾದ ಲಕ್ಕಡ್ ಬಜಾರ್ ಬಸ್ ನಿಲ್ದಾಣದ ಪಕ್ಕದಲ್ಲಿ ನಿಂತಾಗ ನನ್ನ ತಲೆಗೆ ಬಂದ ಮೊದಲ ಪ್ರಶ್ನೆ ಇದು. ಕಣ್ಣೆದುರಿಗೆ ಹಾಲುಗಲ್ಲು ಹಾಸಿದಂತೆ ಮಂಜುಗಡ್ಡೆಯ ನೆಲ. ಅದರ ಮೇಲೆ ಹತ್ತು ಹನ್ನೆರಡರ ಮಕ್ಕಳು ಬಾಣ ಬಿಟ್ಟಂತೆ ಹೋಗುತ್ತಿದ್ದಾರೆ. ಹೊಳ್ಳುತ್ತಾರೆ, ಹಿಂದು ಹಿಂದಕ್ಕೇ ಓಡುತ್ತಾರೆ, ಬುಗುರಿಯ ಹಾಗೆ ನಿಂತಲ್ಲೇ ತಿರುಗುತ್ತಾರೆ. ಉಕ್ಕಿನ ಅಲಗು ಗಡ್ಡೆಯನ್ನು ಸೀಳುವ 'ಸರ್ರ್' ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಂಪ್ರೆಸರಿನ ಗುಂಯ್ ಇಲ್ಲ, ಜನರೇಟರಿನ ಹೊಗೆ ಇಲ್ಲ, ನೆಲದಡಿ ಓಡುವ ತಂಪಿನ ಕೊಳವೆಗಳೂ ಇಲ್ಲ. ತಲೆಯ ಮೇಲೆ ಒಂದು ಸೂರೂ ಇಲ್ಲ!

ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಚಕ್ರದ ಸ್ಕೇಟಿಂಗ್ ಕಲಿಯುತ್ತಿರುವ ನನ್ನ ಮಗಳು ಕಟಕಟೆ ಹಿಡಿದು ಬಾಯಿ ತೆರೆದುಕೊಂಡೇ ನಿಂತಿದ್ದಳು. "ಅಪ್ಪಾ, ಇಷ್ಟು ದೊಡ್ಡ ಐಸ್ ಯಾರು ಮಾಡಿದ್ದು?" ಎಂದಳು. ನಾನು ಸುಮ್ಮನೆ ಮೇಲೆ ನೋಡಿದೆ. ರಾತ್ರಿಯೆಲ್ಲ ಚುಕ್ಕಿ ಸುರಿದಿದ್ದ ಆಕಾಶ ಒಂದು ತುಣುಕು ಮೋಡವೂ ಇಲ್ಲದೆ ನೀಲಿಯಾಗುತ್ತಿತ್ತು. ಇದನ್ನು ಮಾಡಿದ್ದು ಅದೇ ಆಕಾಶ!

ಇದು 1920ರಿಂದ ನಡೆದು ಬಂದಿರುವ ಸ್ಕೇಟಿಂಗ್ ಅಂಗಳ. ಊರಿನವರು ರಿಂಕ್ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ. ನೂರು ವರ್ಷ ದಾಟಿದ ಮೇಲೂ ಇಲ್ಲಿನ ಗಡ್ಡೆ ಪ್ರತಿ ಚಳಿಗಾಲದಲ್ಲಿ ಹೊಸದಾಗಿ ಹುಟ್ಟುತ್ತದೆ, ಫೆಬ್ರವರಿ ಕಳೆಯುವಷ್ಟರಲ್ಲಿ ನೀರಾಗಿ ಹರಿದುಹೋಗುತ್ತದೆ. ಶತಮಾನದ ಸ್ಮಾರಕವೊಂದು ವರ್ಷವರ್ಷವೂ ಕರಗಿ ವರ್ಷವರ್ಷವೂ ಮೈತಾಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ರಿಂಕ್ ಹುಟ್ಟಿದ ಕಥೆಯಂತೂ ಮಕ್ಕಳಿಗೆ ಹೇಳಿ ಮಲಗಿಸುವಷ್ಟು ಚೆನ್ನಾಗಿದೆ. ಇಲ್ಲಿ ಮೊದಲು ಟೆನಿಸ್ ಕೋರ್ಟ್ ಇತ್ತಂತೆ. ನಲ್ಲಿಯಿಂದ ಸೋರಿದ ನೀರು ರಾತ್ರಿ ಕೋರ್ಟಿನ ಮೇಲೆ ಹರಡಿ, ಬೆಳಗಾಗುವುದರೊಳಗೆ ಗಾಜಿನಂತೆ ಹೆಪ್ಪುಗಟ್ಟಿತ್ತಂತೆ. ಬ್ಲೆಸಿಂಗ್‌ಟನ್ ಎಂಬ ಸಾಹೇಬರು ಅದನ್ನು ಕಂಡರು. ನಲ್ಲಿ ಸೋರಿದ್ದಕ್ಕೆ ಯಾರನ್ನೋ ಬೈದು ಮುಂದೆ ಹೋಗಬಹುದಿತ್ತು. ಅವರು ಹಾಗೆ ಮಾಡದೆ ಮರುದಿನ ಬೇಕೆಂದೇ ನೀರು ಬಿಡಿಸಿದರು. ಶಿಮ್ಲಾದಲ್ಲಿ ಇಂದಿಗೂ ಹೇಳುವ ಕಥೆ ಇದು.

ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. 1864ರಿಂದ ಶಿಮ್ಲಾ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿ. ಬೇಸಿಗೆಯದು ಮಾತ್ರ! ಚಳಿ ಹತ್ತಿರವಾಯಿತೆಂದರೆ ವೈಸರಾಯ್ ದರ್ಬಾರು ಗಂಟುಮೂಟೆ ಕಟ್ಟಿಕೊಂಡು ಬಯಲಿಗೆ ಇಳಿದುಬಿಡುತ್ತಿತ್ತು. ರಿಂಕಿಗೆ ಜೀವ ಬರುವುದೇ ಆಮೇಲೆ. ದರ್ಬಾರು ಖಾಲಿಯಾದ ಊರಿನಲ್ಲಿ, ಮೂರು ತಿಂಗಳ ಚಳಿಯನ್ನು ಹಲ್ಲು ಕಚ್ಚಿ ಕಳೆಯಲು ಉಳಿದವರ ಆಟ ಇದು. ಆಮೇಲೆ ಸಾಮ್ರಾಜ್ಯ ಹೋಯಿತು, ಬೇಸಿಗೆ ರಾಜಧಾನಿಯ ಪಟ್ಟ ಹೋಯಿತು, ಹಿಮಾಚಲ ಎಂಬ ರಾಜ್ಯವೇ ಹೊಸದಾಗಿ ಬಂತು. ಉಳಿದವರು ಮಾತ್ರ ರಿಂಕ್ ಬಿಡಲಿಲ್ಲ. ಶಿಮ್ಲಾ ಐಸ್ ಸ್ಕೇಟಿಂಗ್ ಕ್ಲಬ್ಬಿನ ಹೆಸರಿನಲ್ಲಿ ಇಂದಿಗೂ ಅದನ್ನು ನಡೆಸುತ್ತಿರುವವರು ಊರಿನ ಜನರೇ.

ಹಾಗಾದರೆ ಯಂತ್ರವಿಲ್ಲದೆ ನೀರು ಗಡ್ಡೆಯಾಗುವುದು ಹೇಗೆ? ಬರೀ ಚಳಿ ಎಂದರೆ ಉತ್ತರ ಪೂರ್ತಿಯಾಗುವುದಿಲ್ಲ. ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿರುವ ರಾತ್ರಿಯೂ ನೆಲದ ಮೇಲೆ ತೆಳ್ಳಗೆ ಹರಡಿದ ನೀರು ಹೆಪ್ಪುಗಟ್ಟಬಹುದು! ಅದರ ಗುಟ್ಟು ನಮ್ಮ ಉತ್ತರ ಕರ್ನಾಟಕದ ರೈತರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಹಿಂಗಾರಿನ ಕಡಲೆ ಹೊಲದಲ್ಲಿ ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಹಿಂಡಿ ಕಡಲೆಯ ಹುಳಿ ಹಿಡಿಯುತ್ತಾರಲ್ಲ, ಆ ಕೆಲಸಕ್ಕೆ ಎಂಥ ರಾತ್ರಿ ಬೇಕು? ಆಕಾಶ ಚೊಕ್ಕವಿರಬೇಕು, ಗಾಳಿ ನಿಂತಿರಬೇಕು. ಮೋಡ ಕವಿದ ರಾತ್ರಿ ಇಬ್ಬನಿ ಬೀಳುವುದಿಲ್ಲ, ಬಟ್ಟೆ ಒಣಗಿಯೇ ಇರುತ್ತದೆ.

ಇದರ ಕಾರಣ ಇಷ್ಟು. ನೆಲ, ನೀರು, ಎಲೆ, ಬಟ್ಟೆ ಎಲ್ಲವೂ ರಾತ್ರಿಯಿಡೀ ತಮ್ಮ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತಲೇ ಇರುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ಆ ಶಾಖವನ್ನು ಹೀರಿ ಮತ್ತೆ ಕೆಳಕ್ಕೆ ಕಳಿಸುತ್ತದೆ. ಮೋಡವಿಲ್ಲದ ರಾತ್ರಿ ಆ ಕಂಬಳಿ ಇರುವುದಿಲ್ಲ. ಶಾಖದ ಒಂದು ಪಾಲು ಗಾಳಿಯ ಪದರ ದಾಟಿ ನೇರ ಬಾಹ್ಯಾಕಾಶಕ್ಕೇ ಹೊರಟುಹೋಗುತ್ತದೆ. ನೆಲ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಶಿಮ್ಲಾದ ಆ ಪುಟ್ಟ ಅಂಗಳ ರಾತ್ರಿಯೆಲ್ಲ ತನ್ನ ಬಿಸಿಯನ್ನು ಚುಕ್ಕಿಗಳ ನಡುವಿನ ಕತ್ತಲಿಗೆ ಸುರಿಯುತ್ತಿರುತ್ತದೆ. ಮಕ್ಕಳು ಬೆಳಿಗ್ಗೆ ಜಾರುವುದು ಹಾಗೆ ಕಟ್ಟಿದ ಗಡ್ಡೆಯ ಮೇಲೆ!

ಈ ವಿದ್ಯೆ ಬ್ಲೆಸಿಂಗ್‌ಟನ್ ಸಾಹೇಬರಿಗಿಂತ ಬಹಳ ಹಳೆಯದು. 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿಯ ಬರಹವೊಂದು ಅಚ್ಚಾಯಿತು. ಅಲಹಾಬಾದಿನ ಸುತ್ತಮುತ್ತ ಭಾರತದ ಕೆಲಸಗಾರರು ಮಂಜುಗಡ್ಡೆ ತಯಾರಿಸುತ್ತಿದ್ದ ವಿಧಾನವನ್ನು ಆತ ಕಣ್ಣಾರೆ ಕಂಡು ಬರೆದಿದ್ದ. ಕೆರೆ ಕುಂಟೆಗಳಲ್ಲಿ ತಾನಾಗಿ ನೀರು ಹೆಪ್ಪುಗಟ್ಟಿದ್ದನ್ನು ಯಾರೂ ಕಾಣದ ಬಿಸಿಲುನಾಡು ಅದು. ಬಯಲಿನಲ್ಲಿ ಸುಮಾರು 30 ಅಡಿ ಅಗಲದ, 2 ಅಡಿ ಆಳದ ಗುಂಡಿ ತೋಡುತ್ತಿದ್ದರು. ಅದರ ತಳಕ್ಕೆ ಒಣಗಿದ ಕಬ್ಬಿನ ಸಿಪ್ಪೆ, ಜೋಳದ ದಂಟು ಹಾಸುತ್ತಿದ್ದರು. ನೆಲದ ಬಿಸಿ ಮೇಲೆ ಬರದಂತೆ ತಡೆಯುವ ಹಾಸಿಗೆ ಅದು. ಅದರ ಮೇಲೆ ಸಾಲುಸಾಲಾಗಿ ಮಣ್ಣಿನ ತೆಳು ತಟ್ಟೆಗಳು, ತಟ್ಟೆಗಳಲ್ಲಿ ಕುದಿಸಿ ಆರಿಸಿದ ನೀರು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಕಳೆದು ಸೂರ್ಯ ಹುಟ್ಟುವ ಮೊದಲೇ ಬಂದು ತಟ್ಟೆಗಳಿಂದ ಗಡ್ಡೆ ಎಬ್ಬಿಸಿ, ಹುಲ್ಲು ಕಂಬಳಿ ಹೊದಿಸಿದ ಆಳದ ಗುಂಡಿಗೆ ತುಂಬಿ ಧಮ್ಮಸ್ಸು ಮಾಡುತ್ತಿದ್ದರು. ಬೇಸಿಗೆ ಬಂದಾಗ ಶರಬತ್ತಿಗೆ ಆ ಗಡ್ಡೆ!

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫ್ರಿಜ್ಜಿನ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಗಂಗೆ ಯಮುನೆಯರ ಬಯಲಿನಲ್ಲಿ, ಹೆಸರು ದಾಖಲಾಗದ ಕುಂಬಾರರೂ ಕೂಲಿಗಳೂ ಆಕಾಶವನ್ನೇ ತಂಪುಪೆಟ್ಟಿಗೆ ಮಾಡಿಕೊಂಡಿದ್ದರು. ಇದು ಯಾಕೆ ಹೀಗಾಗುತ್ತದೆ ಎಂದು ಒಪ್ಪುವಂತೆ ವಿವರಿಸಿದ್ದು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ, 1814ರಲ್ಲಿ, ಇಬ್ಬನಿಯ ಬಗ್ಗೆ ಬರೆದ ಪ್ರಬಂಧದಲ್ಲಿ. ಆತ ರಾತ್ರಿಗಳನ್ನು ತೋಟವೊಂದರಲ್ಲಿ ಕಳೆದು, ಉಣ್ಣೆಯ ಉಂಡೆಗಳನ್ನು ಹೊರಗಿಟ್ಟು, ಬೆಳಿಗ್ಗೆ ಎಷ್ಟು ಇಬ್ಬನಿ ಕುಡಿದಿವೆ ಎಂದು ತೂಗಿ ನೋಡುತ್ತಿದ್ದ. ನಮ್ಮ ಹೊಲದ ಬಟ್ಟೆ, ಆತನ ಉಣ್ಣೆ, ಅಲಹಾಬಾದಿನ ಮಣ್ಣಿನ ತಟ್ಟೆ, ಶಿಮ್ಲಾದ ಅಂಗಳ ನಾಲ್ಕೂ ಒಂದೇ ಆಕಾಶದ ಕೆಲಸ.

ಈಗ ರಿಂಕಿಗೆ ಮರಳೋಣ. ಅದು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊರಿನಲ್ಲಿ, ರಿಜ್ ಎಂಬ ದಿಬ್ಬದ ಉತ್ತರದ ಇಳಿಜಾರಿನಲ್ಲಿದೆ. ಆ ಜಾಗವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗೇ ಸಾಗುವುದರಿಂದ ಗುಡ್ಡದ ನೆರಳು ಅಂಗಳವನ್ನು ಕಾಯುತ್ತದೆ. ರಿಜ್ ಮೇಲೆ ಬಿಸಿಲು ಕಾಯಿಸುತ್ತಾ ಕಡಲೆಕಾಯಿ ಸುಲಿಯುತ್ತಿದ್ದ ಪ್ರವಾಸಿಗರನ್ನು ಬಿಟ್ಟು ನಾವು ಕೆಲವೇ ನಿಮಿಷ ಇಳಿದು ಬಂದಿದ್ದೆವು. ಅಷ್ಟರಲ್ಲೇ ಉಸಿರು ಹೊಗೆಯಾಗತೊಡಗಿತ್ತು.

ಉಳಿದ ಅರ್ಧ ಮನುಷ್ಯರದು. ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ ನೆಲವನ್ನು ಸಮತಟ್ಟು ಮಾಡಿ, ಕಸಕಡ್ಡಿ ಗುಡಿಸಿ, ಸಂಜೆಯ ಮೇಲೆ ಪೈಪಿನಿಂದ ನೀರು ಹಾಯಿಸುತ್ತಾರೆ. ಒಂದೇ ಸಲ ಮೊಳಕಾಲುದ್ದ ನೀರು ನಿಲ್ಲಿಸಿದರೆ ಆಗುವುದಿಲ್ಲ. ಸೊನ್ನೆ ಡಿಗ್ರಿಗೆ ಬಂದ ಒಂದು ಲೀಟರ್ ನೀರು ಗಡ್ಡೆಯಾಗಬೇಕಾದರೆ ಅದು ಬಿಟ್ಟುಕೊಡಬೇಕಾದ ಶಾಖ ಎಷ್ಟು ಗೊತ್ತೆ? ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು! ಅಷ್ಟು ಶಾಖವನ್ನು ಒಂದು ರಾತ್ರಿಯಲ್ಲಿ ಆಕಾಶಕ್ಕೆ ದಾಟಿಸಬೇಕೆಂದರೆ ನೀರಿನ ಪದರ ತೆಳ್ಳಗಿರಲೇಬೇಕು. ಹಾಗಾಗಿ ಒಂದು ಪದರ ಹಾಯಿಸಿ, ಅದು ಕಟ್ಟಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮನೆಯಲ್ಲಿ ಅಮ್ಮ ಹಾಲಿಗೆ ಹೆಪ್ಪು ಹಾಕಿ, ಪಾತ್ರೆ ಅಲುಗಾಡಿಸಬೇಡ ಎಂದು ಗದರಿಸುವ ಅದೇ ಎಚ್ಚರ, ಅದೇ ತಾಳ್ಮೆ. ಕೆಲವು ರಾತ್ರಿಗಳ ಮೇಲೆ ಗಡ್ಡೆ ಮೈ ಹಿಡಿದಾಗ ಒಂದು ಟ್ರಯಲ್ ಸೆಷನ್. ಅದು ಸರಿಹೋದರೆ ದಿನಕ್ಕೆರಡು ಹೊತ್ತು ಆಟ, ಬೆಳಿಗ್ಗೆ ಮತ್ತು ಸಂಜೆ. ಸಂಜೆಯ ಆಟದಲ್ಲಿ ಅಲಗುಗಳು ಗೀರಿದ ಗಾಯಕ್ಕೆ ರಾತ್ರಿ ಮತ್ತೆ ನೀರಿನ ಲೇಪ.

ನಾನು ಬಗ್ಗಿ ನೋಡಿದೆ. ಅಂಚಿನಲ್ಲಿ ದೇವದಾರುವಿನ ಒಂದೇ ಒಂದು ಸೂಜಿಯೆಲೆ ಗಡ್ಡೆಯೊಳಗೆ ಹೂತುಕೊಂಡಿತ್ತು. ಅದರ ಸುತ್ತ ಅದರದೇ ಆಕಾರದ ಒಂದು ಪುಟ್ಟ ತೋಡು. ಕಪ್ಪು ಎಲೆ ಹಗಲಿನ ಬೆಳಕನ್ನು ಹೀರಿ, ಬೆಚ್ಚಗಾಗಿ, ತಾನೇ ದಾರಿ ಕರಗಿಸಿಕೊಂಡು ಒಳಗಿಳಿದಿತ್ತು. ಒಂದು ಎಲೆ ಇಷ್ಟು ಮಾಡಬಹುದಾದರೆ ಬಸ್ಸಿನ ಹೊಗೆಯ ಮಸಿ ಏನು ಮಾಡಲಾರದು? ಪೊರಕೆ ಹಿಡಿದವರು ಅಲ್ಲಿ ಅಷ್ಟು ಶ್ರದ್ಧೆಯಿಂದ ಗುಡಿಸುವುದರ ಅರ್ಥ ಆ ಎಲೆಯನ್ನು ಕಂಡಾಗಲೇ ನನಗೆ ತಿಳಿದದ್ದು.

ಮಗಳಿಗೆ ಬಾಡಿಗೆ ಸ್ಕೇಟ್ ಕಟ್ಟಿಸಿದೆ. ಅಲಗನ್ನು ತಿರುವಿ ನೋಡಿದರೆ ಅದರ ತಳ ಚಪ್ಪಟೆಯಾಗಿರಲಿಲ್ಲ. ಉದ್ದಕ್ಕೂ ನಡುವೆ ಸಣ್ಣ ಹಳ್ಳ, ಎರಡು ಬದಿಗೂ ಚೂಪು ಅಂಚು. ಗಡ್ಡೆಯನ್ನು ಹಿಡಿಯುವುದು ಆ ಅಂಚು. ನಾಲ್ಕು ವರ್ಷದ ಅಭ್ಯಾಸದ ಧೈರ್ಯದಲ್ಲಿ ಅವಳು ಒಂದೇ ಏಟಿಗೆ ಹೊರಟಳು. ಮೂರನೇ ಹೆಜ್ಜೆಗೆ ಧೊಪ್ಪನೆ ಬಿದ್ದಳು. ನಾನು ಓಡುವಷ್ಟರಲ್ಲಿ ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಬಂದು, ಮೊಣಕಾಲು ಬಗ್ಗಿಸು ಎಂದು ಕೈಸನ್ನೆಯಲ್ಲೇ ತೋರಿಸಿ, ಕೈಹಿಡಿದು ಎಬ್ಬಿಸಿ ಒಂದು ಸುತ್ತು ಕರೆದುಕೊಂಡು ಹೋಗಿಬಿಟ್ಟಳು. ತಿರುಗಿ ಬಂದಾಗ ಮಗಳ ಕೆನ್ನೆ ಕೆಂಪಾಗಿತ್ತು. "ಅಪ್ಪಾ, ನಾನು ತಳ್ಳಲೇ ಇಲ್ಲ, ಅದೇ ಕರ್ಕೊಂಡು ಹೋಗತ್ತೆ!"

ಅವಳು ಹೇಳಿದ್ದರಲ್ಲಿ ವಿಜ್ಞಾನದ ದೊಡ್ಡ ಒಗಟೇ ಇದೆ. ಮಂಜುಗಡ್ಡೆ ಯಾಕೆ ಜಾರುತ್ತದೆ? ಅಲಗಿನ ಒತ್ತಡಕ್ಕೆ ಗಡ್ಡೆ ಕರಗಿ ನೀರಾಗುತ್ತದೆ ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಒಬ್ಬ ಮನುಷ್ಯನ ಭಾರಕ್ಕೆ ಕೊರೆಯುವ ಚಳಿಯ ಗಡ್ಡೆಯನ್ನು ಹಾಗೆ ಕರಗಿಸುವ ಶಕ್ತಿ ಇಲ್ಲ. 1850ರ ಹೊತ್ತಿಗೇ ಮೈಕೆಲ್ ಫ್ಯಾರಡೆ ಬೇರೆ ಮಾತು ಹೇಳಿದ್ದರು. ಯಾರೂ ಮುಟ್ಟದೆ ಇದ್ದಾಗಲೂ ಗಡ್ಡೆಯ ಮೈಮೇಲೆ ನೀರಿನಂಥ ಒಂದು ತೆಳು ಪೊರೆ ಇದ್ದೇ ಇರುತ್ತದೆ ಎಂದು. ಅದು ನಿಜವೆಂದು ಈಗಿನ ಉಪಕರಣಗಳು ತೋರಿಸಿವೆ. ಮೇಲ್ಪದರದ ಅಣುಗಳಿಗೆ ಮೇಲಿನಿಂದ ಹಿಡಿದುಕೊಳ್ಳುವ ಸಂಗಾತಿಗಳಿಲ್ಲ, ಹಾಗಾಗಿ ಅವು ಸಡಿಲ. ಅದರ ಜೊತೆಗೆ ಅಲಗಿನ ಉಜ್ಜುವಿಕೆಯ ಬಿಸಿಯೂ ಸೇರುತ್ತದೆ. ಅಷ್ಟು ಸಾಕು, ಮಗು ಹಾರುತ್ತದೆ!

ಇಷ್ಟೆಲ್ಲ ಬೆರಗಿನ ನಡುವೆ ಮನಸ್ಸಿಗೆ ಕವಿದ ದುಗುಡವನ್ನೂ ಹೇಳಲೇಬೇಕು. ಈ ರಿಂಕ್ ಸೊರಗುತ್ತಿದೆ. ವರ್ಷ ಹೋದಂತೆ ಆಟದ ದಿನಗಳು ಕಡಿಮೆಯಾಗುತ್ತಿವೆ. ಗಡ್ಡೆ ತಡವಾಗಿ ಕಟ್ಟುತ್ತದೆ, ಬೇಗ ಬಿಟ್ಟುಕೊಡುತ್ತದೆ. ಚಳಿಗಾಲಗಳು ಬೆಚ್ಚಗಾಗುತ್ತಿವೆ. ಸುತ್ತ ಕಾಂಕ್ರೀಟು ಏರಿದೆ, ಅದು ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತದೆ. ಪಕ್ಕದಲ್ಲೇ ಬಸ್ಸುಗಳು ಸಾಲುಗಟ್ಟುತ್ತವೆ. ಮೋಡದ ಒಂದು ರಾತ್ರಿ ಬಂದರೆ ಮರುದಿನದ ಸೆಷನ್ ಹೋಯಿತು. ಹಿಮ ಬಿದ್ದರೂ ಕಷ್ಟವೇ, ಅದು ಗಡ್ಡೆಗೆ ಹೊದಿಕೆಯಾಗಿ ಕೂತುಬಿಡುತ್ತದೆ, ಗೋರಿ ಎತ್ತಬೇಕು. ಹಿಮಕ್ಕಾಗಿ ಪ್ರವಾಸಿಗರು ಹಾತೊರೆಯುವ ಊರಿನಲ್ಲಿ ರಿಂಕಿನವರು ಮಾತ್ರ ಬರಿಯ ಆಕಾಶ ಬೇಡುತ್ತಾರೆ!

ಈ ಕಳವಳ ಶಿಮ್ಲಾ ಒಂದರದೇ ಅಲ್ಲ. ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡಿನಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಊರುಗಳನ್ನು ಹಾಯುವ ಸುಮಾರು 200 ಕಿಲೋಮೀಟರಿನ ಸ್ಕೇಟಿಂಗ್ ಓಟವಿದೆ. 1909ರಲ್ಲಿ ಶುರುವಾದದ್ದು. ದಾರಿಯುದ್ದಕ್ಕೂ ಗಡ್ಡೆ 15 ಸೆಂಟಿಮೀಟರ್ ದಪ್ಪ ಕಟ್ಟಿದರೆ ಮಾತ್ರ ಅದು ನಡೆಯುತ್ತದೆ. ಕೊನೆಯದಾಗಿ ನಡೆದದ್ದು 1997ರ ಜನವರಿ 4ರಂದು. ಆಮೇಲೆ ಒಂದು ಪೀಳಿಗೆಯೇ ಅದನ್ನು ಕಾಣದೆ ದೊಡ್ಡದಾಗಿದೆ. ಆದರೂ ಕಾಲುವೆಯ ಒಂದೊಂದು ಭಾಗಕ್ಕೂ ಗಡ್ಡೆ ಅಳೆಯುವ ಹೊಣೆ ಹೊತ್ತವರು ಅಲ್ಲಿ ಇದ್ದಾರೆ. ಕೆನಡಾದ ಒಟ್ಟಾವದಲ್ಲಿ 7.8 ಕಿಲೋಮೀಟರಿನ ರಿಡೋ ಕಾಲುವೆಯ ಸ್ಕೇಟಿಂಗ್ ದಾರಿ 2022-23ರ ಚಳಿಗಾಲದಲ್ಲಿ ತೆರೆಯಲೇ ಇಲ್ಲ. ಅದರ ಐವತ್ತು ವರ್ಷಗಳ ಇತಿಹಾಸದಲ್ಲಿ ಅದೇ ಮೊದಲು.

ಶಿಮ್ಲಾದವರು ಕೈಕಟ್ಟಿ ಕೂತಿಲ್ಲ. ಇಲ್ಲಿ ಉಳಿಸುವ ಕೆಲಸ ಎಂದರೆ ಬ್ಯಾನರು, ಭಾಷಣ ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಪ್ರತಿ ಸಂಜೆ ಆಕಾಶ ನೋಡಿ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದೇ ಉಳಿಸುವ ಕೆಲಸ. ಕೊರೆಯುವ ರಾತ್ರಿಯಲ್ಲಿ ಒದ್ದೆ ಪೈಪು ಹಿಡಿದು ನಿಲ್ಲುವುದು ಉಳಿಸುವ ಕೆಲಸ. ಮಕ್ಕಳಿಗೆ ಕಲಿಸುವುದು, ಕಾರ್ನಿವಲ್ ದಿನ ವೇಷ ಹಾಕಿಸಿ ಗಡ್ಡೆಯ ಮೇಲೆ ಕುಣಿಸುವುದು, ಐಸ್ ಹಾಕಿ ಪಂದ್ಯ ಆಡಿಸುವುದು, ಎಷ್ಟು ಸೆಷನ್ ಸಿಕ್ಕವು ಎಂದು ವರ್ಷವರ್ಷ ಲೆಕ್ಕ ಇಡುವುದು ಎಲ್ಲವೂ ಅದೇ. ಜೊತೆಗೆ ವರ್ಷಪೂರ್ತಿ ನಡೆಯುವಂಥ ವ್ಯವಸ್ಥೆ ಮಾಡಿಕೊಡಿ ಎಂದು ಸರ್ಕಾರಗಳ ಬಾಗಿಲು ತಟ್ಟುತ್ತಲೇ ಬಂದಿದ್ದಾರೆ. ಸರ್ಕಾರಗಳು ಬದಲಾಗಿವೆ, ಆ ಮಾತು ಇನ್ನೂ ನಡೆಯುತ್ತಲೇ ಇದೆ.

ಯಂತ್ರ ಬರಲಿ, ಬೇಡ ಎನ್ನಲಾರೆ. ವರ್ಷಕ್ಕೆ ಕೆಲವೇ ವಾರ ಗಡ್ಡೆ ಸಿಗುವ ಮಕ್ಕಳಿಗೆ ಹನ್ನೆರಡು ತಿಂಗಳು ಆಡಲು ಸಿಕ್ಕರೆ ಅದಕ್ಕಿಂತ ಏನು ಬೇಕು? ಆದರೆ ಯಂತ್ರ ಬಂದಮಾತ್ರಕ್ಕೆ ರಿಂಕ್ ಉಳಿದುಬಿಡುತ್ತದೆ ಎಂದು ನಂಬುವವನಲ್ಲ ನಾನು. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಸೂರಿರುವ, ಯಂತ್ರವಿರುವ ರಿಂಕ್ ಕಟ್ಟಿದರು. ಕೂಟ ಮುಗಿದ ಮೇಲೆ ಅದು ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡೇ ಇತ್ತು. ಮತ್ತೆ ತೆರೆದದ್ದು 2025ರಲ್ಲಿ. ಅಮೆರಿಕದ ಬರ್ಕ್‌ಲಿಯಲ್ಲಿ 1940ರಲ್ಲಿ ಶುರುವಾದ ಐಸ್‌ಲ್ಯಾಂಡ್ ಎಂಬ ರಿಂಕ್ ಇತ್ತು. ಆ ದೇಶದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆಗಳು ಮೂರು ಸಲ ಅಲ್ಲಿ ನಡೆದಿದ್ದವು. ಹಳೆಯ ಶೀತಲ ಯಂತ್ರದ ದುರಸ್ತಿಯ ಹೊರೆಯೂ ಸೇರಿ 2007ರ ಮಾರ್ಚ್ 31ಕ್ಕೆ ಮುಚ್ಚಿತು. ಊರಿನವರು ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು, ಪಾರಂಪರಿಕ ಕಟ್ಟಡವೆಂಬ ಮಾನ್ಯತೆಯೂ ಸಿಕ್ಕಿತು. 2014ರಲ್ಲಿ ಅದೇ ಕಟ್ಟಡದಲ್ಲಿ ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿ ತೆರೆಯಿತು. ಗೋಡೆ ಉಳಿಯಿತು, ಗಡ್ಡೆ ಉಳಿಯಲಿಲ್ಲ.

ಶಿಮ್ಲಾದ ರಿಂಕಿನಲ್ಲಿ ಕಾಪಾಡಬೇಕಾದ್ದು ಒಂದು ನೆರಳು, ಒಂದು ಇಳಿಜಾರು, ಸುತ್ತಲಿನ ಮರಗಳು, ಹೊಗೆಯಿಲ್ಲದ ಒಂದಿಷ್ಟು ರಾತ್ರಿ. ಅದಕ್ಕಿಂತ ಹೆಚ್ಚಾಗಿ, ಆಕಾಶ ನೋಡಿ ನೀರು ಹಾಯಿಸಬಲ್ಲವರ ಕೈಯ ತಿಳಿವಳಿಕೆ. ಬಸ್ಸುಗಳನ್ನು ಅಲ್ಲಿಂದ ದೂರ ನಿಲ್ಲಿಸುವುದಕ್ಕೆ, ಆ ಇಳಿಜಾರಿನಲ್ಲಿ ಇನ್ನೊಂದು ಕಟ್ಟಡ ಏಳದಂತೆ ನೋಡಿಕೊಳ್ಳುವುದಕ್ಕೆ ಯಾವ ವಿದೇಶಿ ಯಂತ್ರವೂ ಬೇಕಾಗಿಲ್ಲ. ಅದನ್ನು ಮೊದಲು ಮಾಡಬೇಕು, ಈ ಚಳಿಗಾಲಕ್ಕೇ ಮಾಡಬೇಕು.

ಡಿಸೆಂಬರ್ ಜನವರಿಯಲ್ಲಿ ಶಿಮ್ಲಾಕ್ಕೆ ಹೊರಡುವ ಕನ್ನಡಿಗರಿಗೆ ನನ್ನದೊಂದು ವಿನಂತಿ. ಕುಫ್ರಿ, ಮಾಲ್ ರೋಡ್, ಜಾಖೂ ಎಲ್ಲ ನೋಡಿ. ಒಂದು ದಿನ ಮಾತ್ರ ಬೆಳಗಿನ ಜಾವದ ಕಂಬಳಿಯ ಆಸೆ ಬಿಟ್ಟು ಲಕ್ಕಡ್ ಬಜಾರಿನತ್ತ ಇಳಿಯಿರಿ. ಹಿಂದಿನ ರಾತ್ರಿ ಚುಕ್ಕಿ ಕಂಡಿದ್ದರೆ ಗಡ್ಡೆ ಕಟ್ಟಿರುತ್ತದೆ. ಟಿಕೆಟ್ ತೆಗೆದುಕೊಳ್ಳಿ, ಬಾಡಿಗೆ ಸ್ಕೇಟ್ ಕಟ್ಟಿಕೊಳ್ಳಿ, ಮಕ್ಕಳಿಗೂ ಕಟ್ಟಿಸಿ. ನೀವು ಕೊಡುವ ಆ ಹಣ ಮರುದಿನದ ಗಡ್ಡೆಗೆ ನೀರಾಗುತ್ತದೆ.